ಹಿಮದ ಇಳಿಜಾರಿಗೆ ಇಳಿಯುವ ಮುನ್ನ

ಚಳಿಗಾಲದ ರಜೆಯಲ್ಲಿ ಹಿಮಬೆಟ್ಟಗಳಿಗೆ ಹೋಗಿ ಸ್ಕೀಯಿಂಗ್ ಕಲಿಯುವುದೆಂದು ನಾವು ಮೂವರು ಗೆಳೆಯರು ನಿಶ್ಚಯಿಸಿದ್ದು ಬೇಸಿಗೆಯಲ್ಲಿ. ಹೊರಟದ್ದು ಜನವರಿಯ ಕೊನೆಯಲ್ಲಿ. ನಡುವಿನ ತಿಂಗಳುಗಳಲ್ಲಿ ನಾನು ಅಂಗಡಿಗಳಲ್ಲಿ ಕಳೆದುದಕ್ಕಿಂತ ಹೆಚ್ಚಿನ ಸಮಯವನ್ನು ಅಳತೆಗಳ ಜೊತೆ ಕಳೆದೆ. ಪಾದದ ಉದ್ದ ಎಷ್ಟು, ದೇಹದ ತೂಕ ಎಷ್ಟು, ಕಾಲಿನ ಹರಡು ಎಷ್ಟು ಬಾಗುತ್ತದೆ, ತೊಡೆ ಎಷ್ಟು ಹೊತ್ತು ಭಾರ ತಾಳುತ್ತದೆ, ರಾತ್ರಿ ಮಲಗುವ ಊರು ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಕೊಡಬೇಕಾದವರು ನಾವೇ ಆದ್ದರಿಂದ, ಒಂದಿಷ್ಟು ಏರಿಸಿಯೋ ಇಳಿಸಿಯೋ ಹೇಳುವ ಆಸೆಯೂ ನಮ್ಮದೇ ಆಗಿರುತ್ತದೆ. ಹಾಗೆ ಹೇಳಿದ್ದರ ಲೆಕ್ಕ ಮಾತ್ರ ಇಳಿಜಾರಿನಲ್ಲಿ ಚುಕ್ತಾ ಆಗುತ್ತದೆ.

ದಿನಾಂಕ ಗೊತ್ತುಮಾಡುವುದು ಮೊದಲ ಕೆಲಸ. ಉತ್ತರ ಗೋಳಾರ್ಧದಲ್ಲಿ ಸ್ಕೀ ಋತು ಸ್ಥೂಲವಾಗಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇರುತ್ತದೆ, ದಕ್ಷಿಣ ಗೋಳಾರ್ಧದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ವರೆಗೆ. ಋತುವಿನ ಆರಂಭದಲ್ಲಿ ಹಿಮದ ಪದರ ತೆಳುವಾಗಿರುತ್ತದೆ, ಹಗಲೂ ಗಿಡ್ಡವಾಗಿರುತ್ತದೆ. ಕೊನೆಯಲ್ಲಿ ಹಗಲು ಉದ್ದವಾದರೂ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಕೆಸರಿನಂತಾಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ಬೆಳಗಿನ ಹೊತ್ತಿಗೆ ಗಾಜಿನಂತೆ ಜಾರುತ್ತದೆ. ಶಾಲೆಗಳ ರಜೆ ಮುಗಿದು ಜನಸಂದಣಿ ಕಡಿಮೆಯಾಗಿರುವ, ಪದರವೂ ದಪ್ಪಗಾಗಿರುವ ಅವಧಿ ಎಂದು ನಾವು ಜನವರಿಯ ಅಂತ್ಯವನ್ನು ಆರಿಸಿಕೊಂಡೆವು. ಹಿಮ ಸಾಲದಿದ್ದರೆ ಯಂತ್ರಗಳಿಂದ ಮಾಡಿಕೊಳ್ಳುತ್ತಾರಲ್ಲ ಎಂದು ನಮ್ಮಲ್ಲೊಬ್ಬರು ಕೇಳಿದರು. ಆ ಯಂತ್ರಗಳಿಗೂ ಚಳಿಯೇ ಬೇಕು. ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದು ಅಳೆಯುವ ಒದ್ದೆ ಬಲ್ಬಿನ ಉಷ್ಣಾಂಶ ಮೈನಸ್ 2 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯದ ಹೊರತು ಅವುಗಳಿಂದ ಒಳ್ಳೆಯ ಹಿಮ ಬರುವುದಿಲ್ಲ. ಆದ್ದರಿಂದ ಊರನ್ನು ಆರಿಸುವಾಗ ನಾವು ನೋಡಿದ್ದು ಇಳಿಜಾರುಗಳು ಯಾವ ಎತ್ತರದಲ್ಲಿವೆ, ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಬಿಸಿಲು ಕಡಿಮೆ, ಹಿಮದ ಬಾಳಿಕೆ ಹೆಚ್ಚು.

ದಿನಾಂಕ ಗೊತ್ತಾದ ಮೇಲೆ ಕಾಲುಗಳ ಸರದಿ. ಗುರುತ್ವವೇ ಕೆಳಗೆ ಎಳೆದುಕೊಂಡು ಹೋಗುವ ಆಟಕ್ಕೆ ದೈಹಿಕ ಶ್ರಮವೇಕೆ ಎಂದು ಹೊರಗಿನಿಂದ ನೋಡುವವರಿಗೆ ಅನಿಸಬಹುದು. ಆದರೆ ಪ್ರತಿಯೊಂದು ತಿರುವಿನಲ್ಲೂ ಮೊಣಕಾಲು ಬಾಗಿರುತ್ತದೆ, ತೊಡೆಯ ಮುಂಭಾಗದ ಸ್ನಾಯು ಭಾರವನ್ನು ಹಿಡಿದುಕೊಂಡೇ ಉದ್ದವಾಗುತ್ತ ಹೋಗುತ್ತದೆ. ಹೀಗೆ ಹಿಗ್ಗುತ್ತ ಭಾರ ತಾಳುವ ಕೆಲಸವೇ ಸ್ನಾಯುಗಳನ್ನು ಹೆಚ್ಚು ನೋಯಿಸುವುದು. ಬೆಟ್ಟ ಹತ್ತಿದಾಗ ಉಸಿರು ಸೋಲುತ್ತದೆ, ಇಳಿದ ಮರುದಿನ ತೊಡೆ ಮಾತಾಡುತ್ತದೆ. ಈ ಕಾರಣಕ್ಕೆ ನಾನು ಓಟಕ್ಕಿಂತ ಹೆಚ್ಚಾಗಿ ಮೆಟ್ಟಿಲು ಇಳಿಯುವುದನ್ನು ಅಭ್ಯಾಸ ಮಾಡಿದೆ. ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಿಳಿದು ಬರುವ ನನ್ನನ್ನು ಕಟ್ಟಡದ ಕಾವಲುಗಾರರು ಕೆಲವು ದಿನ ಅನುಮಾನದಿಂದಲೇ ನೋಡಿದರು. ಜೊತೆಗೆ ನಿಧಾನವಾಗಿ ಕೂತು ಬೇಗ ಏಳುವ ಬಸ್ಕಿ, ಒಂಟಿ ಕಾಲಿನಲ್ಲಿ ನಿಂತು ಕಣ್ಣು ಮುಚ್ಚುವುದು, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂತಂತೆ ತೊಡೆಯನ್ನು ನೆಲಕ್ಕೆ ಸಮಾಂತರವಾಗಿ ಹಿಡಿದಿರುವುದು ಇವಿಷ್ಟೇ ಸಾಕಾದವು. ಹೊರಡುವುದಕ್ಕೆ ಆರರಿಂದ ಎಂಟು ವಾರ ಮೊದಲೇ ಶುರುಮಾಡಬೇಕೆಂಬ ಸಲಹೆಗೆ ಅರ್ಥವಿದೆ. ಸ್ನಾಯುಗಳು ಕೊನೆಯ ವಾರದ ಅವಸರಕ್ಕೆ ಸ್ಪಂದಿಸುವುದಿಲ್ಲ, ಬದಲಿಗೆ ನೋವನ್ನು ಹೊತ್ತುಕೊಂಡೇ ಪ್ರವಾಸಕ್ಕೆ ಬರುತ್ತವೆ.

ಹರಡಿನ ಅಳತೆಯನ್ನು ಯಾರೂ ಮೊದಲು ಹೇಳುವುದಿಲ್ಲ, ಆದರೆ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಅದೇ. ಗೋಡೆಯ ಎದುರು ನಿಂತು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ತಾಗಿದರೆ ಪಾದವನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಮತ್ತೆ ನೋಡಬೇಕು. ಹೆಬ್ಬೆರಳ ತುದಿಗೂ ಗೋಡೆಗೂ ಸುಮಾರು 10 ಸೆಂಟಿಮೀಟರ್ ಅಂತರವಿದ್ದಾಗಲೂ ಮೊಣಕಾಲು ಮುಟ್ಟಿದರೆ ಹರಡು ಸಾಕಷ್ಟು ಬಾಗುತ್ತದೆ ಎಂದರ್ಥ. ಸ್ಕೀ ಬೂಟಿನೊಳಗೆ ಕಾಲು ಮುಂದಕ್ಕೆ ವಾಲಿಯೇ ಇರಬೇಕಾದ್ದರಿಂದ ಬಿಗಿಯಾದ ಹರಡಿನವರು ತಿಳಿಯದೆ ಹಿಂದಕ್ಕೆ ಕೂರುತ್ತಾರೆ. ಹಿಂದಕ್ಕೆ ಕೂತವರ ಹಿಡಿತಕ್ಕೆ ಸ್ಕೀಗಳು ಸಿಗುವುದಿಲ್ಲ, ತೊಡೆಯೂ ಬೇಗ ಸೋಲುತ್ತದೆ.

ಈಗ ಬೂಟಿನ ವಿಷಯ. ಸ್ಕೀಗಳನ್ನು ಬಾಡಿಗೆಗೆ ಪಡೆಯುವುದೆಂದೂ ಬೂಟಿಗೆ ಮಾತ್ರ ಯಾವ ಅವಸರವನ್ನೂ ಮಾಡುವುದಿಲ್ಲವೆಂದೂ ಮೊದಲೇ ಮಾತಾಡಿಕೊಂಡಿದ್ದೆವು, ಏಕೆಂದರೆ ಕಾಲು ಹೇಳಿದ್ದನ್ನು ಸ್ಕೀಗೆ ಮುಟ್ಟಿಸುವುದು ಬೂಟೇ. ಇಲ್ಲಿ ದಿನನಿತ್ಯದ ಚಪ್ಪಲಿ, ಬೂಟುಗಳ ಸಂಖ್ಯೆ ನಡೆಯುವುದಿಲ್ಲ. ಮಾಂಡೋಪಾಯಿಂಟ್ ಎಂಬ ಪದ್ಧತಿಯಲ್ಲಿ ಪಾದದ ಉದ್ದವೇ ನೇರವಾಗಿ ಬೂಟಿನ ಸಂಖ್ಯೆ. 265 ಮಿಲಿಮೀಟರ್ ಪಾದಕ್ಕೆ 26.5. ಪಾದಗಳು ಸಂಜೆಯ ಹೊತ್ತಿಗೆ ಕೊಂಚ ಊದಿಕೊಂಡಿರುವುದರಿಂದ ಆಗಲೇ, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ದೇಹದ ಪೂರ್ಣ ಭಾರವನ್ನು ಹಾಕಿ ನಿಂತು ಅಳೆಯಬೇಕು. ಎರಡು ಪಾದಗಳು ಒಂದೇ ಉದ್ದವಿರುವುದು ಅಪರೂಪ. ನನ್ನ ಎಡಪಾದ ಬಲಕ್ಕಿಂತ ತುಸು ಉದ್ದವೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಅಂಗಡಿಯಲ್ಲಿ ಬೂಟು ಹೊಂದಿಸುವವರು ಹಿರಿಯರು. ಅವರು ಮೊದಲು ಮಾಡಿದ್ದು ಬೂಟಿನ ಒಳಗಿನ ಮೆತ್ತನೆಯ ಪದರವನ್ನು ಪೂರ್ತಿ ಹೊರಗೆಳೆದು, ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ನನ್ನ ಪಾದವನ್ನು ಇಡಿಸಿದ್ದು. “ಬೆರಳನ್ನು ಮುಂದಕ್ಕೆ ಮುಟ್ಟಿಸಿ, ಮೊಣಕಾಲು ಬಾಗಿಸಿ, ಹಾಗೇ ಇರಿ” ಎಂದು ಹೇಳಿ, ಹಿಮ್ಮಡಿಗೂ ಚಿಪ್ಪಿನ ಹಿಂಗೋಡೆಗೂ ನಡುವೆ ಬೆರಳಿಳಿಸಿ ನೋಡಿದರು. ಅಲ್ಲಿ ಸುಮಾರು 1.5ರಿಂದ 2 ಸೆಂಟಿಮೀಟರ್ ಜಾಗವಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಒಳಪದರ ಎಷ್ಟೇ ಮೆತ್ತಗಿದ್ದರೂ ಕೆಲವೇ ದಿನಗಳಲ್ಲಿ ಅದು ಒತ್ತಿಕೊಂಡು ಬೂಟು ಸಡಿಲವಾಗುತ್ತದೆ. ಆಮೇಲೆ ಒಳಪದರವನ್ನು ಸೇರಿಸಿ ಹಾಕಿಕೊಂಡಾಗ, ನೆಟ್ಟಗೆ ನಿಂತರೆ ಬೆರಳುಗಳು ತುದಿಗೆ ತಾಗಿ ಇರುಸುಮುರುಸಾಯಿತು. “ಚಿಕ್ಕದಾಯಿತೇನೋ, ಸರ್” ಎಂದೆ. ಅವರು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿದರು, ಹರಡಿನ ಮೇಲಿನ ಬಕಲ್‌ಗಳನ್ನು ಬಿಗಿದರು, ಮೊಣಕಾಲನ್ನು ಮುಂದಕ್ಕೆ ಒತ್ತಲು ಹೇಳಿದರು. ಹಿಮ್ಮಡಿ ಹಿಂದಕ್ಕೆ ಸರಿದು ಕೂತು, ಬೆರಳುಗಳು ತುದಿಯಿಂದ ಬಿಡುಗಡೆಯಾದವು. ಸ್ಕೀ ಬೂಟನ್ನು ನಿಂತ ಭಂಗಿಗಲ್ಲ, ಬಾಗಿದ ಭಂಗಿಗೆ ಅಳೆಯುವುದು ಎಂದು ಅವರು ಅಷ್ಟರಲ್ಲೇ ತೋರಿಸಿಕೊಟ್ಟಿದ್ದರು.

ಬೂಟಿನ ಬಿಗುವನ್ನು ತೋರಿಸಲು ಫ್ಲೆಕ್ಸ್ ಎಂಬ ಸಂಖ್ಯೆಯೊಂದಿದೆ. ಹೊಸಬರ ಬೂಟುಗಳಲ್ಲಿ ಅದು ಸಾಮಾನ್ಯವಾಗಿ 100ಕ್ಕಿಂತ ಕಡಿಮೆಯಿರುತ್ತದೆ, ಪಳಗಿದವರ ಬೂಟುಗಳಲ್ಲಿ 130ರವರೆಗೂ ಹೋಗುತ್ತದೆ. ಎಲ್ಲ ತಯಾರಕರಿಗೂ ಅನ್ವಯಿಸುವ ಒಂದೇ ಅಳತೆಗೋಲು ಇದಕ್ಕಿಲ್ಲವಾದ್ದರಿಂದ ಒಂದು ಕಂಪನಿಯ 90 ಇನ್ನೊಂದರ 80ಕ್ಕೆ ಸಮನಾಗಿರಬಹುದು; ಸಂಖ್ಯೆಯನ್ನು ನಂಬುವುದಕ್ಕಿಂತ ಬೂಟು ಹಾಕಿಕೊಂಡು ಬಾಗಿ ನೋಡುವುದೇ ಲೇಸು. ಚಳಿಯಲ್ಲಿ ಪ್ಲಾಸ್ಟಿಕ್ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಅದೇ ಕಾರಣಕ್ಕೆ ಬೂಟುಗಳನ್ನು ರಾತ್ರಿ ಕಾರಿನಲ್ಲಿ ಬಿಡದೆ ಬೆಚ್ಚಗಿನ ಕೋಣೆಯಲ್ಲಿಡಬೇಕು. ತಣ್ಣಗಾದ ಬೂಟಿನೊಳಗೆ ಬೆಳಿಗ್ಗೆ ಕಾಲು ತೂರಿಸುವುದೇ ಒಂದು ಕುಸ್ತಿ. ಕಾಲುಚೀಲ ಒಂದೇ ಜೊತೆ, ಅದೂ ತೆಳ್ಳಗಿನದು, ಮೊಣಕಾಲಿನವರೆಗೆ ಬರುವಂಥದ್ದು. ಎರಡು ಜೊತೆ ಹಾಕಿದರೆ ಬೆಚ್ಚಗಿರುತ್ತದೆಂಬ ಲೆಕ್ಕ ಇಲ್ಲಿ ತಲೆಕೆಳಗು: ಪಾದ ಒತ್ತಿಕೊಂಡು ರಕ್ತಸಂಚಾರ ಕಡಿಮೆಯಾಗುತ್ತದೆ, ಮಡಿಕೆಗಳು ಚರ್ಮವನ್ನು ಉಜ್ಜುತ್ತವೆ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಕೊಂಡ ಬೂಟನ್ನು ನಾನು ಮನೆಯಲ್ಲೇ ಹಲವು ಸಂಜೆ ಹಾಕಿಕೊಂಡು ಕೂತೆ. ನೋವು ಎಲ್ಲಿ ಮೊದಲಾಗುತ್ತದೆಂದು ಗುರುತಿಸಿ ಹೇಳಿದ ಮೇಲೆ, ಆ ಹಿರಿಯರು ಕಿರುಬೆರಳಿನ ಬಳಿಯ ಚಿಪ್ಪನ್ನು ಕಾಯಿಸಿ ಹೊರಕ್ಕೆ ತುಸು ಉಬ್ಬಿಸಿಕೊಟ್ಟರು.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಗ್ಗೆ ನನಗಿದ್ದ ಕುತೂಹಲ ಹೆಚ್ಚಿನದು. ಹಿಂದಿನ ಕಾಲದಲ್ಲಿ ಕಾಲನ್ನು ಸ್ಕೀಗೆ ಬಿಗಿಯಾಗಿ ಕಟ್ಟಿಬಿಡುತ್ತಿದ್ದರು. ಬಿದ್ದಾಗ ಉದ್ದನೆಯ ಸ್ಕೀ ಸನ್ನೆಗೋಲಿನಂತೆ ತಿರುಚಿ ಕಾಲಿನ ಮೂಳೆ ಮುರಿಯುತ್ತಿತ್ತು. ಹಾಗೆ 1937ರಲ್ಲಿ ಕಾಲು ಮುರಿದುಕೊಂಡ ಹ್ಯಾಲ್ಮರ್ ಹ್ವಾಮ್ ಎಂಬ ಸ್ಕೀಪಟು, ಬಿದ್ದಾಗ ತಾನಾಗಿಯೇ ಕಳಚಿಕೊಳ್ಳುವ ಬೈಂಡಿಂಗನ್ನು ರೂಪಿಸಿದವರಲ್ಲಿ ಮೊದಲಿಗರು. ಈಗಿನ ಬೈಂಡಿಂಗ್ ಎಷ್ಟು ಬಲ ಬಿದ್ದಾಗ ಬಿಡಬೇಕೆಂಬುದನ್ನು ಐಎಸ್‌ಒ 11088 ಎಂಬ ಮಾನಕದ ಕೋಷ್ಟಕ ನೋಡಿ ನಿಗದಿ ಮಾಡುತ್ತಾರೆ. ಆಡುಮಾತಿನಲ್ಲಿ ಅದು ಡಿಐಎನ್ ಸಂಖ್ಯೆ. ಅದಕ್ಕೆ ಬೇಕಾದದ್ದು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಮತ್ತು ನೀವು ಎಂಥ ಸ್ಕೀಪಟು ಎಂಬ ವಿವರ: ನಿಧಾನವಾಗಿ ಎಚ್ಚರದಿಂದ ಇಳಿಯುವವರು ಒಂದನೆಯ ಬಗೆ, ಮಧ್ಯಮ ವೇಗದವರು ಎರಡನೆಯದು, ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಹೋಗುವವರು ಮೂರನೆಯದು. ಐವತ್ತು ದಾಟಿದವರಿಗೆ ಸಂಖ್ಯೆಯನ್ನು ಇನ್ನೊಂದು ಮೆಟ್ಟಿಲು ಇಳಿಸುತ್ತಾರೆ.

ಬಾಡಿಗೆ ಅಂಗಡಿಯವರು ಈ ವಿವರಗಳನ್ನು ಮುಂಚಿತವಾಗಿಯೇ ಬರೆದು ಕಳುಹಿಸಲು ಹೇಳಿದಾಗ ನಮ್ಮ ಮೂವರಲ್ಲಿ ನಡೆದ ಮಾತುಕತೆ ತಮಾಷೆಯದು. ಒಬ್ಬರಿಗೆ ತೂಕವನ್ನು ಒಂದೆರಡು ಕಿಲೋ ಇಳಿಸಿ ಬರೆಯುವ ಮನಸ್ಸು, ಇನ್ನೊಬ್ಬರಿಗೆ ಮೂರನೆಯ ಬಗೆಯೆಂದು ಗುರುತು ಹಾಕುವ ಹುರುಪು. ತೂಕ ಕಡಿಮೆ ಬರೆದರೆ ಬೈಂಡಿಂಗ್ ಬೇಡದ ಹೊತ್ತಿನಲ್ಲಿ ಕಳಚಿಕೊಳ್ಳುತ್ತದೆ. ಸಾಮರ್ಥ್ಯ ಹೆಚ್ಚೆಂದು ಬರೆದರೆ ಬಿಡಬೇಕಾದಾಗ ಬಿಡುವುದಿಲ್ಲ. ಕೊನೆಗೆ ಮೂವರೂ ತೂಕದ ಯಂತ್ರದ ಮೇಲೆ ಒಬ್ಬರೆದುರು ಒಬ್ಬರು ನಿಂತು, ಒಂದನೆಯ ಬಗೆಯೆಂದೇ ಗುರುತು ಹಾಕಿ ಕಳುಹಿಸಿದೆವು. ಬೈಂಡಿಂಗ್ ಎಲ್ಲವನ್ನೂ ಕಾಯುತ್ತದೆಂದೇನೂ ಇಲ್ಲ: ಕಾಲಿನ ಮೂಳೆ ಮುರಿತವನ್ನು ಅದು ಬಹಳ ಮಟ್ಟಿಗೆ ತಗ್ಗಿಸಿತಾದರೂ ಮೊಣಕಾಲಿನ ಒಳಗಿನ ಅಸ್ಥಿರಜ್ಜುಗಳನ್ನು ಅಷ್ಟಾಗಿ ಕಾಪಾಡಲಾರದು, ಮತ್ತು ಸ್ಕೀಯಿಂಗ್‌ನಲ್ಲಿ ಹೆಚ್ಚು ಪೆಟ್ಟು ತಿನ್ನುವ ಅಂಗವೇ ಮೊಣಕಾಲು. ತೊಡೆಯ ಹಿಂಭಾಗದ ಸ್ನಾಯುಗಳಿಗೂ ವ್ಯಾಯಾಮ ಕೊಡಬೇಕೆನ್ನುವುದು ಇದಕ್ಕೇ. ಸ್ಕೀಯ ಉದ್ದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸಬರಿಗೆ ಗಲ್ಲಕ್ಕೂ ಮೂಗಿಗೂ ನಡುವೆ ಬರುವ ಉದ್ದ ಸಾಕು.

ಬಟ್ಟೆಗಳ ವಿಷಯದಲ್ಲಿ ಸೂತ್ರ ಸರಳ, ಪಾಲನೆ ಕಷ್ಟ. ಮೈಗೆ ತಾಗುವ ಪದರ ಬೆವರನ್ನು ಹೀರಿ ಹೊರಕ್ಕೆ ಕಳುಹಿಸಬೇಕು, ನಡುವಿನದು ಬಿಸಿಗಾಳಿಯನ್ನು ಹಿಡಿದಿಡಬೇಕು, ಹೊರಗಿನದು ಗಾಳಿಯನ್ನೂ ನೀರನ್ನೂ ತಡೆಯಬೇಕು. ಮೊದಲ ಪದರಕ್ಕೆ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಸರಿ, ಹತ್ತಿ ಬೇಡ. ದಿನವೂ ನೆಚ್ಚಿಕೊಂಡ ಹತ್ತಿ ಬನಿಯನ್ನನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ ನಿಜ, ಆದರೆ ಒಮ್ಮೆ ಬೆವರು ಕುಡಿದ ಹತ್ತಿ ಬೇಗ ಒಣಗದೆ, ಚೇರ್‌ಲಿಫ್ಟಿನಲ್ಲಿ ಸುಮ್ಮನೆ ಕೂತಾಗ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಉಷ್ಣಾಂಶ ಪ್ರತಿ 1,000 ಮೀಟರ್ ಏರಿದಂತೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಅದರ ಮೇಲೆ ಗಾಳಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಚಳಿ. ನನ್ನ ಬೆರಳುಗಳು ಬೇಗ ಮರಗಟ್ಟುವ ಜಾತಿಯವಾದ್ದರಿಂದ ಐದು ಬೆರಳಿನ ಕೈಗವಸನ್ನು ಬಿಟ್ಟು, ನಾಲ್ಕು ಬೆರಳುಗಳು ಒಂದೇ ಚೀಲದಲ್ಲಿರುವಂಥದ್ದನ್ನು ಕೊಂಡೆ. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಬೆಚ್ಚಗಿರುತ್ತವೆ.

ಹೆಲ್ಮೆಟ್ ಕೊಳ್ಳುವಾಗ ಇಎನ್ 1077 ಅಥವಾ ಎಎಸ್‌ಟಿಎಂ ಎಫ್2040 ಎಂಬ ಗುರುತು ಒಳಗಡೆ ಇದೆಯೇ ಎಂದು ನೋಡಿ, ಗಲ್ಲದ ಪಟ್ಟಿ ಕಟ್ಟದೆಯೇ ತಲೆಯಾಡಿಸಿದರೂ ಅದು ಅಲುಗದಂತಿದೆಯೇ ಎಂದು ಪರೀಕ್ಷಿಸಿದೆವು. ಗಾಗಲ್ಸನ್ನು ಹೆಲ್ಮೆಟ್ಟಿನ ಜೊತೆಯಲ್ಲೇ ಹಾಕಿ ನೋಡಬೇಕು, ನಡುವೆ ಹಣೆ ಕಾಣಬಾರದು. ಗಾಜುಗಳಿಗೆ ಎಸ್0ಯಿಂದ ಎಸ್4ರವರೆಗೆ ದರ್ಜೆಗಳಿವೆ: ಪ್ರಖರ ಬಿಸಿಲಿಗೆ ಬಳಸುವ ಎಸ್3 ಗಾಜು ಬೆಳಕಿನಲ್ಲಿ ಶೇಕಡಾ 8ರಿಂದ 18ರಷ್ಟನ್ನು ಮಾತ್ರ ಒಳಬಿಡುತ್ತದೆ, ಮೋಡ ಕವಿದ ದಿನ ಅದನ್ನೇ ಹಾಕಿದರೆ ಇಳಿಜಾರಿನ ಉಬ್ಬುತಗ್ಗು ಕಾಣುವುದಿಲ್ಲ. ಹಾಗಾಗಿ ಎಸ್1 ಗಾಜೊಂದನ್ನೂ ಜೊತೆಗಿಟ್ಟುಕೊಂಡೆ. ಚಳಿಯಿರುವ ಕಡೆ ಬಿಸಿಲಿನ ಭಯವೇಕೆ ಎನ್ನುವವರಿಗೆ ಲೆಕ್ಕ ಹೀಗಿದೆ: ಪ್ರತಿ 1,000 ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣಗಳು ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತವೆ, ಹೊಸ ಹಿಮ ಅವುಗಳಲ್ಲಿ ಶೇಕಡಾ 80ರವರೆಗೆ ಹಿಂದಕ್ಕೆ ಚಿಮ್ಮಿಸುತ್ತದೆ. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಗಳ ತಳದಲ್ಲಿ ಹಚ್ಚಿಕೊಳ್ಳಬೇಕಾದ ಜಾಗ ಇದೊಂದೇ ಇರಬೇಕು.

ಎತ್ತರದ ಬಗ್ಗೆ ನಾವು ತೆಗೆದುಕೊಂಡ ನಿರ್ಧಾರ, ಮಲಗುವ ಊರು 2,500 ಮೀಟರ್‌ಗಿಂತ ಕೆಳಗಿರಬೇಕೆಂಬುದು. ಅದಕ್ಕಿಂತ ಮೇಲೆ ಒಮ್ಮೆಲೇ ಹೋಗಿ ಮಲಗುವವರಲ್ಲಿ ತಲೆನೋವು, ವಾಕರಿಕೆ, ನಿದ್ರೆಗೇಡು ಸಾಮಾನ್ಯ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಶೇಕಡಾ 21 ಇದ್ದರೂ 3,000 ಮೀಟರ್‌ನಲ್ಲಿ ಗಾಳಿಯ ಒತ್ತಡವೇ ಸಮುದ್ರ ಮಟ್ಟದ ಸುಮಾರು ಶೇಕಡಾ 70ಕ್ಕೆ ಇಳಿದಿರುತ್ತದೆ. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಬರುವುದಕ್ಕೆ ದೇಹ ಅಷ್ಟು ತಕರಾರು ಮಾಡುವುದಿಲ್ಲ.

ವಿಮೆಯ ಪತ್ರವನ್ನು ನಾನು ಪೂರ್ತಿ ಓದಿದೆ, ಪೆನ್ಸಿಲ್ ಹಿಡಿದು. ಸಾಧಾರಣ ಪ್ರವಾಸ ವಿಮೆಯಲ್ಲಿ ಚಳಿಗಾಲದ ಕ್ರೀಡೆಗಳು ಸೇರಿರುವುದಿಲ್ಲ ಎನ್ನುವುದು ಬಹುಮಂದಿಗೆ ಗೊತ್ತು. ಪ್ರತ್ಯೇಕ ಹಣ ಕಟ್ಟಿ ಸೇರಿಸಿಕೊಂಡ ಮೇಲೂ ಉಳಿಯುವ ಸಂದುಗಳೇ ಮುಖ್ಯ. ಇಳಿಜಾರಿನಿಂದ ಆಸ್ಪತ್ರೆಯವರೆಗಿನ ರಕ್ಷಣಾ ವೆಚ್ಚ, ಹೆಲಿಕಾಪ್ಟರ್ ಸೇರಿದಂತೆ, ಇದೆಯೇ? ಗುರುತು ಮಾಡಿದ ಹಾದಿಯಿಂದ ಹೊರಗೆ ಹೋದರೆ ರಕ್ಷೆ ರದ್ದಾಗುತ್ತದೆಯೇ? ಹೆಲ್ಮೆಟ್ ಇಲ್ಲದಿದ್ದರೆ, ಮದ್ಯ ಸೇವಿಸಿದ್ದರೆ ಏನು? ನಮ್ಮಿಂದ ಬೇರೊಬ್ಬರಿಗೆ ಗಾಯವಾದರೆ ಕೊಡುವವರು ಯಾರು? ಈ ಕೊನೆಯದನ್ನು ಮರೆಯುವವರೇ ಹೆಚ್ಚು, ಆದರೆ ಇಟಲಿಯಂಥ ದೇಶದಲ್ಲಿ 2022ರಿಂದ ಸ್ಕೀ ಮಾಡುವವರಿಗೆ ಹೊಣೆಗಾರಿಕೆ ವಿಮೆ ಕಡ್ಡಾಯವಾಗಿದೆ. ನಮ್ಮ ಪತ್ರದಲ್ಲಿ ರಕ್ಷಣೆ ಎಂಬ ಮಾತಿತ್ತು, ಹೆಲಿಕಾಪ್ಟರ್ ಎಂಬ ಮಾತಿರಲಿಲ್ಲ. ಅದು ಸೇರಿದೆಯೆಂದು ಬರವಣಿಗೆಯಲ್ಲಿ ತರಿಸಿಕೊಂಡ ಮೇಲೆಯೇ ಹಣ ಕಟ್ಟಿದ್ದು.

ಹೊರಡುವ ಮೊದಲಿನ ವಾರ ಓದಿಗೆ ಮೀಸಲಾಯಿತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವಾದ ಎಫ್‌ಐಎಸ್ 1967ರಲ್ಲಿ ರೂಪಿಸಿದ ನಡವಳಿಕೆಯ ನಿಯಮಗಳು ಹತ್ತೇ ಇವೆ, ಬಾಯಿಪಾಠ ಮಾಡಬಹುದಾದಷ್ಟು ಚಿಕ್ಕವು. ಅವುಗಳಲ್ಲಿ ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು: ಹಿಂದಿನಿಂದ ಬರುವವರು ಮುಂದಿರುವವರಿಗೆ ಅಪಾಯವಾಗದಂತೆ ತಮ್ಮ ದಾರಿಯನ್ನು ಆರಿಸಿಕೊಳ್ಳಬೇಕು. ಹೊಸಬರಿಗೆ ಇದು ಸಮಾಧಾನದ ನಿಯಮ, ಏಕೆಂದರೆ ಅವರು ಬಹುತೇಕ ಯಾವಾಗಲೂ ಮುಂದೆಯೇ, ಎಂದರೆ ಕೆಳಗೇ, ಇರುತ್ತಾರೆ. ಇಳಿಜಾರುಗಳ ಬಣ್ಣಗಳಲ್ಲಿ ಎಚ್ಚರಿಕೆ ಬೇಕು. ಯುರೋಪಿನಲ್ಲಿ ನೀಲಿ ಸುಲಭದ್ದು, ಕೆಂಪು ಮಧ್ಯಮ, ಕಪ್ಪು ಕಠಿಣ, ಕೆಲವೆಡೆ ನೀಲಿಗಿಂತಲೂ ಸುಲಭವಾದ ಹಸಿರು ಇರುತ್ತದೆ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭದ್ದಾದರೆ ನೀಲಿ ಚೌಕ ಮಧ್ಯಮ, ಅಲ್ಲಿ ಕೆಂಪೇ ಇಲ್ಲ. ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಅಂಕಿಗಳಲ್ಲಿ ಪ್ರಕಟಿಸುತ್ತಾರೆ, ಮತ್ತು 3 ಎಂಬುದು ನಡುವಿನ ಅಂಕಿಯಾದರೂ ಹಗುರವಾಗಿ ಕಾಣುವಂಥದ್ದಲ್ಲ. ಗುರುತು ಮಾಡಿದ ಹಾದಿ ಬಿಟ್ಟು ಹೋಗುವವರು 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಸಂಕೇತಯಂತ್ರ, ಮಡಿಚುವ ಶೋಧಕೋಲು, ಸಲಿಕೆ ಮೂರನ್ನೂ ಒಯ್ಯಬೇಕು, ಬಳಸಲು ಕಲಿತಿರಲೂಬೇಕು. ನಾವು ಹಾದಿ ಬಿಡುವುದಿಲ್ಲವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ ಅವುಗಳನ್ನು ಕೊಳ್ಳಲಿಲ್ಲ.

ಚೀಲ ತುಂಬುವುದು ಒಂದು ಸಂಜೆಯ ಕೆಲಸ. ಬೂಟನ್ನು ಮಾತ್ರ ವಿಮಾನದೊಳಗೆ ಕೈಚೀಲದಲ್ಲೇ ಒಯ್ದೆ. ಉಳಿದದ್ದೆಲ್ಲ ಕಳೆದರೂ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಕಾಲಿಗೆ ಹೊಂದಿಸಿದ ಬೂಟು ಸಿಗುವುದಿಲ್ಲ. ಲಿಫ್ಟಿನ ಕಾರ್ಡನ್ನು ಎಡಗಡೆಯ ಜೇಬಿನಲ್ಲಿ, ಮೊಬೈಲಿನಿಂದ ದೂರವಾಗಿ ಇಡಬೇಕು, ಏಕೆಂದರೆ ಗೇಟಿನ ಓದುಯಂತ್ರ ಸಾಮಾನ್ಯವಾಗಿ ಎಡಗಡೆಗೇ ಇರುತ್ತದೆ. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಸೋಲುವುದರಿಂದ ಅದಕ್ಕೆ ಮೈಗೆ ಹತ್ತಿರದ ಒಳಜೇಬೇ ಸರಿ.

ಕೊನೆಗೆ ಉಳಿದದ್ದು ತರಬೇತಿ ತರಗತಿಯ ಅರ್ಜಿ. ಅದರಲ್ಲಿ ಸಾಮರ್ಥ್ಯದ ಮಟ್ಟ ಕೇಳಿದ್ದರು: ಸ್ಕೀ ಎಂದೂ ತೊಟ್ಟಿಲ್ಲದವರು, ಸ್ಕೀಗಳ ಮುಂತುದಿಗಳನ್ನು ಕೂಡಿಸಿ ಹಿಂಭಾಗವನ್ನು ಅಗಲಿಸಿ ನಿಲ್ಲಬಲ್ಲವರು, ಹಾಗೆಯೇ ತಿರುಗಬಲ್ಲವರು, ಎರಡೂ ಸ್ಕೀಗಳನ್ನು ಸಮಾಂತರವಾಗಿಟ್ಟು ಇಳಿಯಬಲ್ಲವರು. ಕೃತಕ ಇಳಿಜಾರಿನಲ್ಲಿ ಒಂದಿಷ್ಟು ಅಭ್ಯಾಸ ಮಾಡಿದ್ದ ಗೆಳೆಯರಿಗೆ ಮೂರನೆಯದರ ಮೇಲೆ ಕಣ್ಣಿತ್ತು. ಆ ಗುಂಪಿನವರು ಮೊದಲ ದಿನವೇ ಚೇರ್‌ಲಿಫ್ಟ್ ಹತ್ತಿ ಮೇಲೆ ಹೋಗುತ್ತಾರೆಂದೂ, ಅಲ್ಲಿಂದ ಕೆಳಗಿಳಿಯಲು ಆಗದಿದ್ದರೆ ತರಬೇತುದಾರರ ಅರ್ಧ ದಿನ ಅವರೊಬ್ಬರಿಗೇ ಹೋಗುತ್ತದೆಂದೂ ಶಾಲೆಯವರು ಫೋನಿನಲ್ಲಿ ಹೇಳಿದ ಮೇಲೆ, ಮೂವರೂ ಮೊದಲನೆಯ ಸಾಲಿಗೇ ಗುರುತು ಹಾಕಿ, ಬೆಳಗಿನ ಹೊತ್ತಿನ ತರಗತಿಗೆ ಹಣ ಕಟ್ಟಿದೆವು. ಮಧ್ಯಾಹ್ನಗಳನ್ನು ಖಾಲಿ ಬಿಟ್ಟದ್ದು ಬೇಕೆಂದೇ. ಕಲಿತದ್ದನ್ನು ಚಿಕ್ಕ ಇಳಿಜಾರಿನಲ್ಲಿ ತಿರುತಿರುಗಿ ಮಾಡಲು ಸಮಯ ಬೇಕಿತ್ತು, ಮತ್ತು ತೊಡೆಗಳು ದಿನವಿಡೀ ತಾಳುವಷ್ಟು ಪಳಗಿಲ್ಲವೆಂದು ಗೋಡೆಯ ಬಳಿಯ ಅಭ್ಯಾಸದಲ್ಲೇ ಗೊತ್ತಾಗಿತ್ತು.